ಕಣ್ಣುಜ್ಜಬಾರದ ವರ್ಷ

ಮೊನ್ನೆ ಶಿವಮೊಗ್ಗದ ಕಣ್ಣಾಸ್ಪತ್ರೆಯಲ್ಲಿ ಮೊಮ್ಮಗಳು ವಿದ್ಯಾಳನ್ನು ಒಂದು ಯಂತ್ರದ ಮುಂದೆ ಕೂರಿಸಿದರು. ಗದ್ದ ಇಲ್ಲಿಡು ಅಂದರು, ರೆಪ್ಪೆ ಬಡಿಯಬೇಡ ಅಂದರು, ಅಷ್ಟರಲ್ಲಿ ಮುಗಿದೇ ಹೋಯಿತು. ಪರದೆಯ ಮೇಲೆ ಅವಳ ಕಣ್ಣಿನ ನಕ್ಷೆ ಬಂತು. ಸುತ್ತ ಹಸಿರು, ನೀಲಿ. ಕೆಳಗೆ ಒಂದು ಕಡೆ ಕೆಂಪು ಗುಡ್ಡ. ಡಾಕ್ಟರಮ್ಮ ಇನ್ನೂ ಚಿಕ್ಕ ವಯಸ್ಸಿನವಳು. "ನಿಮ್ಮ ಮನೇಲಿ ಯಾರಿಗಾದ್ರೂ ಈ ಕಾಯಿಲೆ ಇತ್ತಾ ಅಜ್ಜಿ?" ಎಂದು ಕೇಳಿದಳು. "ಇತ್ತು ಕಣಮ್ಮಾ, ಇವಳ ಅಜ್ಜನಿಗೆ" ಅಂದೆ. "ಆಗ ಹೇಗೆ ಕಂಡುಹಿಡಿದ್ರು? ಈ ಮಿಷನ್ ಇರ್ಲಿಲ್ವಲ್ಲ?" ಅಂದಳು. "ಒಂದು ತುಂಡು ರಟ್ಟಿನಲ್ಲಿ" ಅಂದೆ. ಅವಳು ನಕ್ಕಳು. ಮುದುಕಿಗೆ ಅರಳುಮರಳು ಅಂದುಕೊಂಡಿರಬೇಕು, ಅಂದುಕೊಳ್ಳಲಿ. ಈಗ ಅದೇನೋ ಬೆಳಕು ಬಿಟ್ಟು ಕಣ್ಣನ್ನು ಗಟ್ಟಿ ಮಾಡುತ್ತಾರಂತೆ, ಕಾಯಿಲೆ ಮುಂದಕ್ಕೆ ಹೋಗುವುದಿಲ್ಲವಂತೆ. ವಿದ್ಯಾಳಿಗೆ ಅದನ್ನು ಮಾಡುವುದೆಂದಾಯಿತು. ಬಸ್ಸಿನಲ್ಲಿ ಸಾಗರಕ್ಕೆ ವಾಪಸಾಗುವಾಗ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಹೋದಳು. ನನಗೆ ಆ ವರ್ಷದ್ದೆಲ್ಲ ಒಂದೊಂದಾಗಿ ನೆನಪಾಗತೊಡಗಿತು.

ನಾನು ಹೊಸನಗರದವಳು. ಸಾಗರದ ಗಂಧದ ಕೆತ್ತನೆಯ ಮನೆಗೆ ಸೊಸೆಯಾಗಿ ಬಂದದ್ದು ಅರವತ್ತರ ದಶಕದ ನಡುವೆ. ಶರಾವತಿಗೆ ಕಟ್ಟೆ ಕಟ್ಟಿ, ನೀರು ನಿಂತು, ಊರು ಕಳೆದುಕೊಂಡವರು ಇನ್ನೂ ಗಂಟುಮೂಟೆ ಹೊತ್ತು ಪೇಟೆಯಲ್ಲಿ ಕಾಣುತ್ತಿದ್ದ ಕಾಲ ಅದು. ನಮ್ಮ ಬೀದಿಗೆ ತಿರುಗಿದರೆ ಸಾಕು, ಗಂಧದ ಪರಿಮಳ. ಬಂದವರೆಲ್ಲ ಆಹಾ ಅನ್ನುತ್ತಿದ್ದರು. ಅನ್ನ, ಹಾಸಿಗೆ, ತಲೆಗೂದಲು ಎಲ್ಲಕ್ಕೂ ಅದೇ ವಾಸನೆ ಹತ್ತಿದ ಮೇಲೆ ಆಹಾ ಅನ್ನಲಿ ನೋಡೋಣ.

ಮನೆಯಲ್ಲಿ ನಾವು ನಾಲ್ಕು ಜನ. ಮಾವ, ಅತ್ತೆ, ಇವರು, ನಾನು. ಇವರು ಅಂದರೆ ನನ್ನ ಗಂಡ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಒಂದು ದಿನವೂ ಹೆಸರು ಹಿಡಿದು ಕರೆಯಲಿಲ್ಲ, ಈಗ ಕರೆದರೆ ಎಲ್ಲಿದ್ದಾರೋ ಅಲ್ಲೇ ಬೆಚ್ಚಿಬಿದ್ದಾರು. ಮಾವನಿಗೆ ಮಾತು ಕಡಿಮೆ. "ಹೂಂ" ಅಂದರೆ ಹೌದು, ಸುಮ್ಮನಿದ್ದರೆ ಅಲ್ಲ, ಕೆಮ್ಮಿದರೆ ಮಾತು ಮುಗಿಯಿತು, ಎದ್ದು ಹೋಗು ಅಂತ. ಅಪ್ಪ ಮಗ ಇಬ್ಬರೂ ಬೀದಿ ಕಡೆಯ ಜಗಲಿಯಲ್ಲಿ ಬಿಳಿ ಬಟ್ಟೆ ಹಾಸಿಕೊಂಡು ಕೆತ್ತಲು ಕೂರುತ್ತಿದ್ದರು. ಗಂಧದ ಮರ ಸರ್ಕಾರದ್ದು, ತೂಕ ಮಾಡಿ ಕೊಡುತ್ತಿದ್ದರು. ಹಾಗಾಗಿ ಒಂದು ಚಕ್ಕೆ, ಒಂದು ಚಿಟಿಕೆ ಹುಡಿ ಕೂಡ ನೆಲದ ಪಾಲಾಗಬಾರದು. ಸಂಜೆ ಬಟ್ಟೆ ಮಡಚಿ, ಹುಡಿಯನ್ನು ತೆಳು ಬಟ್ಟೆಯ ಜರಡಿಯಲ್ಲಿ ಸೋಸಿ, ಕಸ ಆರಿಸಿ ತೆಗೆದಿಟ್ಟರೆ ಅಂದಿನ ಕೆಲಸ ಮುಗಿದ ಹಾಗೆ. ಹೆಂಗಸರದ್ದು ಒಳಮನೆಯಲ್ಲಿ ಬೇರೆ ಕೆಲಸ: ಬೆಂಡು ಕೊಯ್ದು ಮದುವೆಯ ಬಾಸಿಂಗ ಕಟ್ಟುವುದು. ಗಂಡಸರ ಜಗಲಿಯಲ್ಲಿ ಹೆಂಗಸರು ಕೂರುವ ಪದ್ಧತಿ ಇರಲಿಲ್ಲ.

ಬಂದ ಹೊಸತರಲ್ಲೇ ನಾನು ಒಂದು ವಿಷಯ ಗಮನಿಸಿದ್ದೆ. ಇವರು ಕಣ್ಣುಜ್ಜುತ್ತಿದ್ದರು. ಉಜ್ಜುವುದು ಎಲ್ಲರೂ ಉಜ್ಜುತ್ತಾರೆ, ಇವರದ್ದು ಬೇರೆಯೇ ಥರ. ಮುಷ್ಟಿಯ ಗೆಣ್ಣುಗಳನ್ನು ರೆಪ್ಪೆಗೆ ಒತ್ತಿ, ಚಪಾತಿ ಹಿಟ್ಟು ನಾದಿದ ಹಾಗೆ ನಾದಿ, ಆಮೇಲೆ ಬಾಯಿ ಅರ್ಧ ತೆರೆದು "ಅಬ್ಬಾ" ಅನ್ನುತ್ತಿದ್ದರು. ಅದರಲ್ಲಿ ಎಂಥದೋ ಸುಖ. ಅತ್ತೆಯನ್ನು ಕೇಳಿದರೆ, "ಗಂಧದ ಹುಡಿ ಹೋಗಿರ್ತದೆ ಮಾರಾಯ್ತಿ, ಸಣ್ಣಿಂದ್ಲೂ ಹಂಗೇ ಅವ್ನು" ಅಂದರು.

ಮಳೆಗಾಲ ಹಿಡಿಯಿತು. ಆಷಾಢದ ಒಂದು ಸಂಜೆ ಕರೆಂಟು ಹೋಗಿತ್ತು, ನಾನು ಚಿಮಣಿ ದೀಪ ಹಚ್ಚಿ ತಂದಿಟ್ಟೆ. ಇವರು ದೀಪವನ್ನೇ ನೋಡುತ್ತಾ, "ಎಷ್ಟು ದೀಪ ತಂದ್ಯೆ?" ಎಂದು ಕೇಳಿದರು.

"ಒಂದು."

"ಒಂದೇನಾ? ಮೂರು ಅಂದ್ಕೊಂಡೆ. ಹೊಸನಗರದೋರು ಸೀಮೆಎಣ್ಣೆ ವಿಷ್ಯದಲ್ಲಿ ಭಾರೀ ಧಾರಾಳ ಅಂತ ಮಾಡಿದ್ದೆ!"

ನಗುತ್ತಲೇ ಹೇಳಿದರು. ನಾನೂ ನಕ್ಕೆ, ಆದರೆ ಬಿಡಲಿಲ್ಲ. ಎದುರು ಕೂತು ಒತ್ತಾಯ ಮಾಡಿ ಕೇಳಿದ ಮೇಲೆ ಒಂದೊಂದೇ ಹೊರಗೆ ಬಂತು. ಬಲಗಣ್ಣಿಗೆ ಯಾವುದೂ ಒಂದಾಗಿ ಕಾಣುವುದಿಲ್ಲ. ಅಕ್ಷರಕ್ಕೆ ನೆರಳಿರುತ್ತದೆ, ದೀಪಕ್ಕೆ ಗಡ್ಡವಿರುತ್ತದೆ, ಚಂದ್ರ ಗೊಂಚಲಾಗಿ ಕಾಣುತ್ತಾನೆ. ಎಡಗಣ್ಣು ಕನ್ನಡಕ ಹಾಕಿದರೆ ನಡೆಯುತ್ತದೆ, ಅದೂ ಪೂರಾ ಅಲ್ಲ. ಶಿವಮೊಗ್ಗಕ್ಕೆ ಹೋಗಿ ಮತ್ತೆ ಮತ್ತೆ ಕನ್ನಡಕ ಬದಲಾಯಿಸಿದ್ದರು. ಹೊಸದು ಸ್ವಲ್ಪ ದಿನ ಸರಿಯಿರುತ್ತದೆ, ಆಮೇಲೆ ಮತ್ತೆ ಅದೇ ಪಾಡು.

"ಅಪ್ಪಯ್ಯಂಗೆ ಹೇಳ್ಬೇಡ" ಅಂದರು.

"ಯಾಕೆ? ಹೇಳಿದ್ರೆ ಔಷಧಿ ಮಾಡ್ಸಲ್ವಾ?"

"ಕಣ್ಣು ಕಾಣ್ದೋನ ಕೈಗೆ ಗಂಧದ ಮರ ಯಾರು ಕೊಡ್ತಾರೆ ಗಿರಿಜಾ? ಕೆತ್ತೋದು ಬಿಟ್ರೆ ನಂಗೆ ಎಂತ ಬರ್ತದೆ ಹೇಳು? ಕೈ ನೆಟ್ಟಗಿದೆ. ಕೈ ಇರೋ ತನ್ಕ ನಡೀತದೆ."

ಹೇಳುವುದೇನು ಬಂತು, ಮನೆಯವರಿಗೆ ಗೊತ್ತೇ ಇತ್ತು. ಮರವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ತಲೆ ಓರೆ ಮಾಡಿ, ಒಂದು ಕಣ್ಣು ಮುಚ್ಚಿ ಕೆತ್ತುವವನನ್ನು ನೋಡಿದರೆ ಯಾರಿಗೆ ತಿಳಿಯುವುದಿಲ್ಲ? ಅತ್ತೆ ತಮಗೆ ತೋಚಿದ್ದೆಲ್ಲ ಮಾಡಿದರು. ನಂದಿಬಟ್ಟಲು ಹೂವನ್ನು ನೀರಿನಲ್ಲಿ ನೆನೆಸಿ ರೆಪ್ಪೆಯ ಮೇಲಿಟ್ಟರು. ನೆತ್ತಿಗೆ ಹರಳೆಣ್ಣೆ ತಟ್ಟಿದರು. ಸಿಗಂದೂರಿನ ತಾಯಿಗೆ ಬೆಳ್ಳಿ ಕಣ್ಣು ಕೊಡುತ್ತೇನೆಂದು ಹರಕೆ ಹೊತ್ತರು. ಪಕ್ಕದ ಮನೆಯ ಬಾಣಂತಿಯಿಂದ, ಮಗುವಿಗೆ ಹಾಲು ಕುಡಿಸುವ ಒಳಲೆಯಲ್ಲಿ ಎದೆಹಾಲು ತಂದು ಎರಡು ಹನಿ ಬಿಟ್ಟರು. ಮೀಸೆ ಹೊತ್ತ ಗಂಡಸು ಅಂಗಾತ ಮಲಗಿ, ಕಣ್ಣು ಬಿಟ್ಟುಕೊಂಡು ಪಕ್ಕದ ಮನೆಯ ಹಾಲಿಗೆ ಕಾಯುವುದನ್ನು ನೋಡಿ ನಾನು ಸೆರಗು ಬಾಯಿಗೆ ತುರುಕಿಕೊಂಡು ಹಿತ್ತಲಿಗೆ ಓಡಿದ್ದೆ. ಪಾಪ, ಅತ್ತೆಯ ಸಂಕಟ ಅವರಿಗೆ. ಒಂದು ದಿನ ಮಾವನ ಹತ್ತಿರ, "ಅವನ್ನ ಶಿವಮೊಗ್ಗದಲ್ಲಿ ಯಾವ್ದಾರೂ ಅಂಗಡೀಲಿ ಕೂರಿಸಿ. ಮಾರೋಕೆ ಬಾಯಿದ್ರೆ ಸಾಕು, ಕಣ್ಣು ಬೇಡ" ಅಂದರು. ಮಾವ ಕೆಮ್ಮಿದರು.

ಅದೇ ವಾರ ತೀರ್ಥಹಳ್ಳಿಯ ದೊಡ್ಡ ಮನೆಯೊಂದರಿಂದ ಮದುವೆಗೆಂದು ಒಂದು ಗಂಧದ ಪೆಟ್ಟಿಗೆ ಬೇಕೆಂದು ಹೇಳಿಕಳಿಸಿದರು. ಮುಚ್ಚಳದ ಮೇಲೆ ಬಳ್ಳಿ, ಹಕ್ಕಿ. ನಾಲ್ಕೂ ಪಕ್ಕಕ್ಕೆ ಎಲೆ, ಮೊಗ್ಗು. ಇಂಥ ಕೆಲಸವನ್ನು ಮಾವ ಯಾವತ್ತೂ ತಾವೇ ಮಾಡುತ್ತಿದ್ದರು. ಈ ಸಲ ಮರದ ತುಂಡನ್ನು ಇವರ ಮುಂದಿಟ್ಟು, "ಇದು ನೀನು ಮಾಡು" ಅಂದರು. ಇವರ ಮುಖ ನೋಡಬೇಕಿತ್ತು! ರಾತ್ರಿ ಊಟಕ್ಕೆ ಎರಡು ಸಲ ಸಾರು ಹಾಕಿಸಿಕೊಂಡರು.

ದೀಪಾವಳಿಗೆ ನಮ್ಮನ್ನು ತವರಿಗೆ ಕರೆದಿದ್ದರು. ಹೊಸನಗರದ ಶಾಲೆಯಲ್ಲಿ ಹಬ್ಬದ ಮರುವಾರ ಕಣ್ಣಿನ ಶಿಬಿರ ಎಂದು ಅಪ್ಪ ಮೊದಲೇ ಹೇಳಿಕಳಿಸಿದ್ದರು. ನಾನು ಇವರ ಹತ್ತಿರ ಬಾಯಿಬಿಡದೆ ಕರೆದುಕೊಂಡು ಹೋಗಿದ್ದೆ. ಹೋಗುವ ತನಕ ಹಬ್ಬ, ಹೋದ ಮೇಲೆ ಶಿಬಿರ. ಇವರು ಸಿಟ್ಟಾದರು. ಸಿಟ್ಟಾದರೆ ಆಗಲಿ, ಹೊಸನಗರದಲ್ಲಿ ನನ್ನ ಬಲವೇ ಹೆಚ್ಚು.

ಶಾಲೆಯ ಬೆಂಚುಗಳ ಮೇಲೆಲ್ಲ ಪೊರೆ ಬಂದ ಮುದುಕರು, ಮುದುಕಿಯರು. ಡಾಕ್ಟರು ಕುಂದಾಪುರದ ಕಡೆಯವರು, ಚುರುಕು ಮನುಷ್ಯ. ಇವರನ್ನು ಕಂಡು, "ನೀವೆಂತ ಮಾರಾಯ್ರೇ ಇಲ್ಲಿ? ಅಜ್ಜನ್ನ ಕರ್ಕೊಂಡು ಬಂದದ್ದಾ?" ಅಂದರು. ನಾನು ಎಲ್ಲವನ್ನೂ ಹೇಳಿದೆ. ಮೂರು ದೀಪ, ಗೊಂಚಲು ಚಂದ್ರ, ಮತ್ತೆ ಮತ್ತೆ ಬದಲಾದ ಕನ್ನಡಕ. ಅವರ ನಗು ನಿಂತಿತು. ಕೋಣೆ ಕತ್ತಲು ಮಾಡಿ, ಸಣ್ಣ ಕನ್ನಡಿಯೊಂದರಿಂದ ಬೆಳಕನ್ನು ಕಣ್ಣಿಗೆ ಬಿಟ್ಟು ಆಚೆ ಈಚೆ ಆಡಿಸಿದರು. "ನೋಡಿ, ಬೆಳಕು ಒಳಗೆ ಕತ್ತರಿ ಆಡಿಸಿದ ಹಾಗೆ ಆಡ್ತದೆ" ಎಂದು ತಮಗೆ ತಾವೇ ಹೇಳಿಕೊಂಡರು. ಆಮೇಲೆ ಇವರಿಗೆ ಕೆಳಗೆ ನೋಡಲು ಹೇಳಿ, ನನ್ನನ್ನು ಹತ್ತಿರ ಕರೆದು ತೋರಿಸಿದರು. ಕೆಳರೆಪ್ಪೆ ಎಲ್ಲರಿಗೂ ಬಿಲ್ಲಿನ ಹಾಗೆ ಬಾಗಿರುತ್ತದೆ. ಇವರದ್ದು ನಡುವೆ ಮೊನೆಯಾಗಿತ್ತು. ಒಳಗಿನಿಂದ ಏನೋ ಅದನ್ನು ದೂಡುತ್ತಿತ್ತು.

ಕೊನೆಗೆ ಚೀಲದಿಂದ ಒಂದು ದುಂಡನೆಯ ರಟ್ಟು ತೆಗೆದರು. ಬಿಳಿ ಹಾಳೆ ಅಂಟಿಸಿ, ಅದರ ಮೇಲೆ ಒಂದರೊಳಗೊಂದು ಕಪ್ಪು ಉಂಗುರಗಳನ್ನು ಬರೆದಿದ್ದರು. ನಡುವೆ ಒಂದು ತೂತು. ಕಿಟಕಿ ತೆರೆದು, ಇವರನ್ನು ಅದಕ್ಕೆ ಬೆನ್ನು ಮಾಡಿ ಕೂರಿಸಿ, ರಟ್ಟಿನ ಉಂಗುರಗಳನ್ನು ಇವರ ಕಣ್ಣಿಗೆ ಎದುರಾಗಿ ಹಿಡಿದು, ತೂತಿನಿಂದ ಇಣುಕಿದರು. "ಬನ್ನಿ ಅಮ್ಮ, ನೀವೂ ನೋಡಿ" ಅಂದರು. ಮೊದಲು ತಮ್ಮ ಸಹಾಯಕರ ಕಣ್ಣು ತೋರಿಸಿದರು, ಕರಿಗುಡ್ಡೆಯ ಮೇಲೆ ಉಂಗುರಗಳು ಲಕ್ಷಣವಾಗಿ ದುಂಡಗೆ ಕೂತಿದ್ದವು. ಆಮೇಲೆ ಇವರ ಕಣ್ಣು. ಅಯ್ಯೋ! ಉಂಗುರಗಳೆಲ್ಲ ಸೊಟ್ಟಗಾಗಿ, ಮೊಟ್ಟೆಯಾಗಿ, ಕೆಳಗೆ ಒಂದೇ ಕಡೆ ಇಕ್ಕಟ್ಟಾಗಿದ್ದವು. ಮದುವೆಯಾದ ಮೇಲೆ ಹಗಲು ಹೊತ್ತು, ನಾಲ್ಕು ಜನರ ಮುಂದೆ, ಇವರ ಕಣ್ಣನ್ನು ನೆಟ್ಟಗೆ ನೋಡಿದ್ದು ಅದೇ ಮೊದಲು. ಇವರೂ ನನ್ನನ್ನೇ ನೋಡುತ್ತಿದ್ದರು, ತುಂಬಾ ಹೆದರಿದ್ದರು.

ಡಾಕ್ಟರು ಬಿಡಿಸಿ ಹೇಳಿದರು. ಕರಿಗುಡ್ಡೆಯ ಮೇಲೆ ಗಾಜಿನಂಥ ಒಂದು ತೆಳು ಪದರ ಇದೆ, ಕಾರ್ನಿಯಾ ಅಂತ. ಇವರಿಗೆ ಅದು ನಡುವೆ ತೆಳುವಾಗುತ್ತ ಮುಂದಕ್ಕೆ ಉಬ್ಬುತ್ತಿದೆ, ದುಂಡಗಿರಬೇಕಾದದ್ದು ಮೊನೆಯಾಗುತ್ತಿದೆ. ಹೆಸರು ಕೆರಟೋಕೋನಸ್. ಹುಡುಗಪ್ರಾಯದಲ್ಲಿ ಶುರುವಾಗಿ ವರ್ಷ ವರ್ಷ ಹೆಚ್ಚಾಗುತ್ತದೆ. ಮೂವತ್ತು ದಾಟಿದ ಮೇಲೆ ಹೆಚ್ಚಿನವರಿಗೆ ತಾನಾಗಿ ನಿಲ್ಲುತ್ತದೆ.

"ಅಲ್ಲೀ ತನ್ಕ?" ಎಂದು ಇವರು ಕೇಳಿದರು.

"ಅಲ್ಲಿವರೆಗೆ ಕಾಯ್ಕೊಳ್ಬೇಕು. ಕನ್ನಡಕ ಇನ್ನು ಬಲಗಣ್ಣಿಗೆ ಆಗೂದಿಲ್ಲ. ಕಣ್ಣೊಳಗೇ ಹಾಕುವ ಒಂದು ಗಟ್ಟಿ ಗಾಜು ಬಂದಿದೆ, ಕಾಂಟಾಕ್ಟ್ ಲೆನ್ಸ್ ಅಂತ. ಮದ್ರಾಸಿನಲ್ಲಿ ಅಳತೆ ತೆಗ್ದು ಮಾಡ್ತಾರೆ, ನಾನು ಬರ್ದು ಕೊಡ್ತೇನೆ. ಅದೂ ಆಗದಷ್ಟು ಮುಂದೆ ಹೋದ್ರೆ ತೀರಿಹೋದವರ ಕಣ್ಣಿನ ಪದರ ತೆಗ್ದು ಕೂರಿಸೂದು. ಅದು ಆಮೇಲಿನ ಮಾತು. ಈಗ ಮುಖ್ಯ ಎಂತ ಅಂದ್ರೆ, ಕಣ್ಣುಜ್ಜಬಾರ್ದು. ಉಜ್ಜಿದಷ್ಟೂ ತೆಳುವಾಗ್ತದೆ ಅಂತ ನನ್ನ ಲೆಕ್ಕ. ಪ್ರಾಣ ಹೋಗುವಷ್ಟು ತುರಿಸಿದ್ರೂ ತಣ್ಣೀರು ಬಟ್ಟೆ ಇಡಿ, ಮುಷ್ಟಿ ಇಡ್ಬೇಡಿ."

"ನಿದ್ದೇಲಿ ಉಜ್ತಾರೆ ಡಾಕ್ಟ್ರೇ" ಅಂದೆ ನಾನು.

"ನೀವಿದ್ದೀರಲ್ಲ, ಕೈ ಹಿಡ್ಕೊಳ್ಳಿ."

ಮುಂದೆ ಕಣ್ಣು ಏನಾಯಿತು ಎಂದು ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಇಟ್ಟುಕೊಂಡು ಕಾಯಿಸುವ ಬುದ್ಧಿ ನನ್ನದಲ್ಲ. ಎಷ್ಟೋ ವರ್ಷಗಳ ಮೇಲೆ ಬಲಗಣ್ಣಿಗೆ ಆ ಪದರ ಕೂರಿಸುವ ಆಪರೇಷನ್ನೂ ಆಯಿತು, ಯಾರೋ ಪುಣ್ಯಾತ್ಮರ ಕಣ್ಣು. ಎಡಗಣ್ಣು ಡಾಕ್ಟರು ಹೇಳಿದ ಹಾಗೆ ಒಂದು ವಯಸ್ಸಿಗೆ ನಿಂತಿತು. ಆದರೆ ಆ ವರ್ಷ ನಮಗೆ ಇದ್ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ ಮಾತು, ಕೈ ಹಿಡಿದುಕೋ.

ಹಿಡಿದುಕೊಂಡೆ. ರಾತ್ರಿ ಇವರ ಬಲಗೈಯನ್ನು ನನ್ನೆರಡು ಕೈಯಲ್ಲಿ ಹಿಡಿದು ಮಲಗುತ್ತಿದ್ದೆ. ನಿದ್ದೆಯಲ್ಲಿ ಕೈ ಮೇಲೆದ್ದರೆ ನನಗೆ ಎಚ್ಚರವಾಗುತ್ತಿತ್ತು. ಅದೇನೋ ಸರಿ, ಹಗಲಿಗೆ ಏನು ಮಾಡುವುದು? ಊಟಕ್ಕೆ ಕೂತಾಗ ಒಂದು ದಿನ ಮುಷ್ಟಿ ಕಣ್ಣಿಗೆ ಹೋಯಿತು. ಬಡಿಸುತ್ತಿದ್ದ ನಾನು ಸೌಟು ಬಿಟ್ಟು ಗಬಕ್ಕನೆ ಇವರ ಮಣಿಕಟ್ಟು ಹಿಡಿದೆ, ಮಾವನ ಎದುರಿಗೇ. ಸೌಟು ಠಣ್ಣೆಂದು ಬಿತ್ತು. ಅತ್ತೆ ಕೆನ್ನೆಗೆ ಬಡಿದುಕೊಂಡರು. ಗಂಡನ ಹೆಸರು ಹೇಳದ ಕಾಲದಲ್ಲಿ ಹಿರಿಯರೆದುರು ಗಂಡನ ಕೈ ಹಿಡಿಯುವುದೆಂದರೆ ಇನ್ನೇನು ಬಾಕಿ ಉಳಿಯಿತು! ಅಡುಗೆಮನೆಯಲ್ಲಿ, "ಮರ್ಯಾದಿ ಅನ್ನೋದು ಒಂದಿದೆ ಗಿರಿಜಾ. ಬೀದಿಯೋರು ನೋಡಿದ್ರೆ ಎಂತ ಅಂತಾರೆ? ಸೊಸೆಗೆ ಗಂಡನ ಹುಚ್ಚು ಅಂತಾರೆ" ಅಂದರು.

"ಅನ್ಲಿ ಅತ್ತೆ. ಹುಚ್ಚು ಇರೋದೂ ನಿಜ" ಅಂದೆ. ಬಾಯಿಂದ ಬಂದೇ ಬಿಟ್ಟಿತು. ಅತ್ತೆ ಮುಖ ಆಚೆ ತಿರುಗಿಸಿದರು. ನಗು ಮರೆಸಲು ತಿರುಗಿಸಿದರೆಂದು ನನಗೆ ಇವತ್ತಿಗೂ ಗುಮಾನಿ.

ಮರುದಿನ ಬೆಳಿಗ್ಗೆ ಮಾವ ಒಳಗೆ ಬಂದು ನನ್ನ ಬೆಂಡಿನ ಬುಟ್ಟಿ, ಕತ್ತಿ, ಮಣೆ ಮೂರನ್ನೂ ತಾವೇ ಎತ್ತಿಕೊಂಡು ಹೋಗಿ ಜಗಲಿಯಲ್ಲಿ ಇವರ ಪಕ್ಕ ಇಟ್ಟರು. "ಇಲ್ಲಿ ಬೆಳಕು ಚೆನ್ನಾಗಿದೆ. ಇಲ್ಲೇ ಕೂತ್ಕೊ" ಅಂದರು. ಅಷ್ಟೇ. ಆ ಬೀದಿಯಲ್ಲಿ ಗಂಡಸರ ಜಗಲಿಯಲ್ಲಿ ಕೂತು ಕೆಲಸ ಮಾಡಿದ ಮೊದಲ ಹೆಂಗಸು ನಾನು. ಹೋಗಿ ಬರುವವರೆಲ್ಲ ಕತ್ತು ತಿರುಗಿಸಿ ನೋಡುತ್ತಿದ್ದರು. ಇವರ ಕೈ ಎದ್ದಾಗಲೆಲ್ಲ ನಾನು ಹಿಡಿಯುತ್ತಿದ್ದೆ. ಇವರು, "ಬಿಡೇ, ಬೆವರು ಒರೆಸ್ಕೊಳ್ತಿದೀನಿ" ಎಂದು ಸುಳ್ಳು ಹೇಳುತ್ತಿದ್ದರು.

ಜಗಲಿಯಲ್ಲಿ ಕೂತದ್ದರಿಂದಲೇ ನಾನು ಇನ್ನೊಂದನ್ನು ಕಂಡೆ. ಮಧ್ಯಾಹ್ನ ಇವರು ಕೈಕಾಲು ತೊಳೆಯಲು ಬಾವಿಕಟ್ಟೆಗೆ ಹೋದ ಹೊತ್ತಿನಲ್ಲಿ ಮಾವ ಸದ್ದಿಲ್ಲದೆ ಇವರ ಪೆಟ್ಟಿಗೆ ಎತ್ತಿಕೊಂಡರು. ಬೆಳಕಿಗೆ ಹಿಡಿದು ತಿರುಗಿಸಿ, ತಮ್ಮ ಉಳಿಯಿಂದ ಅಲ್ಲೊಂದು ಇಲ್ಲೊಂದು ಗೆರೆ ಎಳೆದರು. ಹುಡಿಯನ್ನು ಊದಿ, ಪೆಟ್ಟಿಗೆ ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಇಟ್ಟರು. ತಲೆಯೆತ್ತಿದಾಗ ನಾನು ನೋಡುತ್ತಿರುವುದು ಕಂಡಿತು. ಏನೂ ಹೇಳಲಿಲ್ಲ. ಕೆಮ್ಮಲೂ ಇಲ್ಲ.

ಆಮೇಲೆ ದಿನಾ ನೋಡಿದೆ. ಇವರು ಬೆಳಿಗ್ಗೆ ಕೆತ್ತಿದ ಎಲೆಯ ಅಂಚು ಜಾರಿರುತ್ತಿತ್ತು, ಹಕ್ಕಿಯ ಕೊಕ್ಕು ಎರಡು ಗೆರೆಯಾಗಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿಯಾಗಿರುತ್ತಿತ್ತು. ಇವರಿಗೆ ತಿಳಿಯುತ್ತಲೇ ಇರಲಿಲ್ಲ. ಬೆರಳಾಡಿಸಿ, "ನೋಡಿದ್ಯಾ? ಕಣ್ಣು ಹೆಂಗಾದ್ರೂ ಇರ್ಲಿ, ಕೈಗೆ ಎಲ್ಲಾ ಗೊತ್ತು" ಎಂದು ನನಗೆ ತೋರಿಸುತ್ತಿದ್ದರು. ನೋಡಲು ಬಂದವರು ಭೇಷ್ ಅಂದರೆ ಮುಖ ಅರಳುತ್ತಿತ್ತು. ಆ ಪೆಟ್ಟಿಗೆಯೊಂದೇ ಆಗ ಇವರ ಜೀವ ಹಿಡಿದಿಟ್ಟಿತ್ತು. ನಾನು ಹೂಂ ಹೂಂ ಅನ್ನುತ್ತಿದ್ದೆ. ಮದ್ರಾಸಿನ ಗಾಜು ಬೇಗ ಸಿಗಲಿ ಎಂದು ದೇವರಲ್ಲಿ ಬೇಡುತ್ತಿದ್ದವಳೂ ನಾನೇ. ಗಾಜು ಬಂದರೆ ಇದೆಲ್ಲ ಕಂಡುಬಿಡುತ್ತದಲ್ಲಾ ಎಂದು ಹೆದರುತ್ತಿದ್ದವಳೂ ನಾನೇ. ಅಪ್ಪ ತಿದ್ದಿದ್ದು ಕಂಡರೆ ಇವರು ಉಳಿ ಕೆಳಗಿಟ್ಟು ಮತ್ತೆ ಎತ್ತುವವರಲ್ಲ. ಅಷ್ಟು ಹಟಮಾರಿ.

ಸಂಕ್ರಾಂತಿ ಕಳೆದ ಮೇಲೆ ಮಾವ ನಮ್ಮಿಬ್ಬರನ್ನೂ ಮದ್ರಾಸಿಗೆ ಕಳಿಸಿದರು. ಸಾಗರದಿಂದ ಬೀರೂರು, ಬೀರೂರಿನಿಂದ ಬೆಂಗಳೂರು, ಅಲ್ಲಿಂದ ಮದ್ರಾಸು. ಛತ್ರದಲ್ಲಿ ಉಳಿದುಕೊಂಡು ದಿನಾ ಆಸ್ಪತ್ರೆಗೆ ಹೋಗುತ್ತಿದ್ದೆವು. ಒಂದಾದ ಮೇಲೊಂದು ಗಾಜು ಹಾಕಿ ನೋಡಿದರು. ಯಾವುದೂ ಕೂರದು. ಕಣ್ಣು ಕೆಂಪಾಗಿ ಧಾರಾಕಾರ ನೀರು. ಕೊನೆಗೆ ಒಂದು ಕೂತಿತು. ತೊಗರಿಬೇಳೆಗಿಂತ ತುಸು ದೊಡ್ಡದು, ಅಂಗೈಯಲ್ಲಿದ್ದರೆ ನೀರಿನ ಹನಿ ಎಂದೇ ಅನ್ನಿಸಬೇಕು. ಹಾಕುವುದು, ತೆಗೆಯುವುದು ಎರಡನ್ನೂ ನನಗೇ ಕಲಿಸಿದರು. ಮೊದಮೊದಲು ದಿನಕ್ಕೆ ಸ್ವಲ್ಪ ಹೊತ್ತು ಮಾತ್ರ ಹಾಕಬೇಕು, ಒಂದು ಕಣ ಹುಡಿಯೂ ಒಳಗೆ ಹೋಗಬಾರದು, ತೆಗೆದ ಮೇಲೆ ನೀರಿನಲ್ಲಿಡಬೇಕು ಎಂದರು.

ಆಸ್ಪತ್ರೆಯ ಬಾಗಿಲು ದಾಟಿ ಬೀದಿಗೆ ಬಂದದ್ದೇ ಇವರು ನಿಂತುಬಿಟ್ಟರು. ಮೇಲೆ ತಂತಿ ನೋಡುತ್ತ, "ಗಿರಿಜಾ, ಅಲ್ನೋಡು, ಕಾಗೆ. ಒಂದೇ ಕಾಗೆ ಕಣೇ!" ಅಂದರು. ಜನ ಗುದ್ದಿಕೊಂಡು ಹೋಗುತ್ತಿದ್ದಾರೆ, ಇವರು ನಡುಬೀದಿಯಲ್ಲಿ ನಿಂತು ಕಾಗೆ ನೋಡಿ ನಗುತ್ತಿದ್ದಾರೆ, ಅಳುತ್ತಿದ್ದಾರೆ. ಆಮೇಲೆ ನನ್ನ ಕಡೆ ತಿರುಗಿದರು. ನಾನು ನಾಚಿ ತಲೆ ತಗ್ಗಿಸಿದೆ.

"ನಿನ್ನ ಮೂಗುತೀಲಿ ಒಂದೇ ಹರಳಾ?"

"ಒಂದೇ. ಯಾಕೆ?"

"ಮೂರು ಹರಳಿನ ಮೂಗುತಿ ಕೊಟ್ಟಿದಾರೆ, ನಿಮ್ಮಪ್ಪ ಭಾರೀ ಕುಳ ಅಂತ ಇಷ್ಟು ದಿನ ಮಾಡಿದ್ದೆನಲ್ಲ ಮಾರಾಯ್ತಿ!"

ಮೋಸ ಹೋದವರ ಹಾಗೆ ಮುಖ ಮಾಡಿದರು. ನನಗೂ ನಗು, ಅಳು ಎರಡೂ ಒಟ್ಟಿಗೇ ಬಂತು.

ಊರು ಮುಟ್ಟಿದಾಗ ಸಂಜೆಯಾಗಿತ್ತು. ಗಾಜಿನ ಡಬ್ಬಿಯ ಮುಚ್ಚಳ ರೈಲಿನಲ್ಲೇ ಎಲ್ಲೋ ಬಿದ್ದುಹೋಗಿತ್ತು. ನಾನು ಗಾಜು ತೆಗೆದುಕೊಟ್ಟೆ, ಇವರು ಅದನ್ನು ಒಂದು ಪುಟ್ಟ ಹಿತ್ತಾಳೆ ಬಟ್ಟಲಲ್ಲಿ ಕಾಯಿಸಿ ಆರಿಸಿದ ನೀರು ಹಾಕಿ ಅದರೊಳಗಿಟ್ಟರು. ಎಲ್ಲಿಡುವುದು? "ದೇವರ ಮುಂದೆ ಇಡ್ತೀನಿ. ಅಲ್ಲಾದ್ರೆ ಯಾರೂ ಮುಟ್ಟಲ್ಲ" ಅಂದರು. ಸರಿ ಎಂದು ಮಲಗಿದೆವು.

ದೇವರ ಮುಂದಿನದನ್ನು ಯಾರೂ ಮುಟ್ಟುವುದಿಲ್ಲ, ನಿಜ. ಆದರೆ ದೇವರ ಮುಂದೆ ರಾತ್ರಿ ಉಳಿದ ನೀರು ಬೆಳಗಾದ ಮೇಲೆ ಇರಬಾರದು. ಅತ್ತೆ ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮಾಡಿ, ನಿನ್ನೆಯ ಹೂವು ತೆಗೆದು, ಬಟ್ಟಲಿನ ನೀರನ್ನು ತುಳಸಿಯ ಬುಡಕ್ಕೆ ಹೊಯ್ದು, ಬಟ್ಟಲು ಬೆಳಗಿ ಕವುಚಿಟ್ಟಿದ್ದರು. ನೀರಿನೊಳಗಿನ ಗಾಜು ಯಾರ ಕಣ್ಣಿಗೆ ಕಾಣುತ್ತದೆ?

ನಾನು ಕೇಳಿದಾಗ ಅತ್ತೆಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನೆಲಕ್ಕೆ ಕುಸಿದರು. "ಅಯ್ಯೋ ನನ್ನ ಕೈ ಸೇದಿಹೋಗ್ಲಿ! ನನ್ನ ಮಗನ ಕಣ್ಣು ನಾನೇ ಚೆಲ್ಲಿದ್ನಲ್ಲೇ!" ಎಂದು ಹಣೆ ಚಚ್ಚಿಕೊಂಡರು. ಇವರು ಹಿತ್ತಲ ಬಾಗಿಲಲ್ಲಿ ನಿಂತು ಎಲ್ಲ ಕೇಳಿದರು. ಬಂದು ತುಳಸಿಕಟ್ಟೆಯ ಪಕ್ಕ ಕೂತರು. ಕಣ್ಣಲ್ಲಿ ನೀರು ಬಂತು, ಮುಷ್ಟಿ ತಾನಾಗಿ ಮೇಲೆದ್ದಿತು. ನಾನು ದೂರದಲ್ಲಿದ್ದೆ. ಅಷ್ಟರಲ್ಲಿ ಮಾವ ಬಂದು ಇವರ ಮಣಿಕಟ್ಟು ಹಿಡಿದರು. ಮಗ ದೊಡ್ಡವನಾದ ಮೇಲೆ ಅವನನ್ನು ಮುಟ್ಟಿಯೇ ಇರದಿದ್ದ ಮನುಷ್ಯ. ಹಿಡಿದ ಕೈ ಬಿಡದೆ, "ಜರಡಿ ತಗೊಂಬಾ" ಎಂದು ನನಗೆ ಹೇಳಿದರು.

ಗಂಧದ ಹುಡಿ ಸೋಸುವ ಜರಡಿ, ಹಾಸುವ ಬಿಳಿ ಬಟ್ಟೆ, ತಟ್ಟೆ, ನೀರು ಎಲ್ಲ ಹಿತ್ತಲಿಗೆ ಬಂತು. ತುಳಸಿಯ ಬುಡಕ್ಕೆ ಕೈ ಹಾಕಲು ನಾವೆಲ್ಲ ಹಿಂಜರಿದೆವು. ಅತ್ತೆಯೇ ಮುಂದೆ ಬಂದು, "ತಾಯೀ, ತಪ್ಪು ತಿಳ್ಕೋಬೇಡ, ನಾಳೆ ಮತ್ತೆ ನೆಡ್ತೀನಿ" ಎಂದು ಕೈಮುಗಿದು, ಗಿಡವನ್ನು ಮಣ್ಣು ಸಮೇತ ಎತ್ತಿದರು. ಮುಷ್ಟಿ ಮುಷ್ಟಿ ಮಣ್ಣನ್ನು ನೀರಿನಲ್ಲಿ ಕದಡಿ, ಬಟ್ಟೆಯ ಮೇಲೆ ಸೋಸಿ, ಉಳಿದದ್ದನ್ನು ಬೆರಳ ತುದಿಯಲ್ಲಿ ಆರಿಸುತ್ತ ಕೂತೆವು. ಬೇರಿನ ಚೂರು, ಅಕ್ಕಿಕಾಳು, ಹೂವಿನ ದಳ, ಹಣತೆಯ ಒಡಕು. ಬಿಸಿಲು ಏರಿತು. ಒಲೆ ಹಚ್ಚಿರಲಿಲ್ಲ, ಯಾರಿಗೂ ಹಸಿವಿನ ನೆನಪಿರಲಿಲ್ಲ. ಇವರು ಮಾತ್ರ ಜಗಲಿಗೆ ಹೋಗಿ ಕಂಬಕ್ಕೆ ಒರಗಿ ಕೂತಿದ್ದರು. "ಬಿಟ್ಬಿಡಿ. ನಾನು ಅಂಗಡೀಲಿ ಕೂತ್ಕೊಳ್ತೀನಿ" ಎಂದು ಅಲ್ಲಿಂದಲೇ ಒಮ್ಮೆ ಹೇಳಿದರು. ಮಾವ ಇನ್ನೊಂದು ಮುಷ್ಟಿ ಮಣ್ಣು ಕದಡಿದರು.

ನನ್ನ ಎದುರಿಗೆ ಮಾವ ಕೂತಿದ್ದರು. ಹೆಬ್ಬೆರಳು ತೋರುಬೆರಳಿನ ನಡುವೆ ಮಣ್ಣನ್ನು ಉಜ್ಜಿ ಉಜ್ಜಿ ಬಿಡುತ್ತಿದ್ದವರ ಕೈ ತಟಕ್ಕನೆ ನಿಂತಿತು. ಏನನ್ನೋ ಅಂಗೈಗೆ ಹಾಕಿಕೊಂಡು ನೋಡಿದರು. ನನಗೂ ಕಂಡಿತು, ಬಿಸಿಲಿಗೆ ಮಿಂಚಿತು. ಕೂಗಬೇಕೆಂದು ಬಾಯಿ ತೆರೆದೆ. ಆದರೆ ಮಾವ ಅಂಗೈ ಮುಚ್ಚಿದರು. ಮುಚ್ಚಿಕೊಂಡು, ತೆರೆದಿದ್ದ ಬಾಗಿಲುಗಳಾಚೆ ಕಾಣುವ ಜಗಲಿಯ ಕಡೆ ನೋಡಿದರು, ಅಲ್ಲಿ ಆ ಪೆಟ್ಟಿಗೆ ಇತ್ತು. ಆಮೇಲೆ ನನ್ನ ಮುಖ ನೋಡಿದರು. ಅವರ ಮನಸ್ಸಿನಲ್ಲಿದ್ದದ್ದೇ ನನ್ನ ಮನಸ್ಸಿನಲ್ಲೂ ಇತ್ತು. ಈ ಮನೆಯಲ್ಲಿ ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅತ್ತೆ ಪಕ್ಕದಲ್ಲಿ ಮೂಗೊರೆಸಿಕೊಳ್ಳುತ್ತ ಮಣ್ಣು ಆರಿಸುತ್ತಲೇ ಇದ್ದರು.

ಮಾವ ಉಸಿರುಬಿಟ್ಟು ಅಂಗೈ ತೆರೆದರು. "ಸಿಕ್ತು" ಅಂದರು.

ಅತ್ತೆ ಹೋ ಎಂದು ಅತ್ತರು. ನಾನು ಗಾಜನ್ನು ಮತ್ತೆ ಮತ್ತೆ ತೊಳೆದು, ಬೆಳಕಿಗೆ ಹಿಡಿದು ಗೀರಿಲ್ಲವೆಂದು ನೋಡಿ, ಜಗಲಿಗೆ ಹೋಗಿ ಇವರ ಕಣ್ಣಿಗೆ ಇಟ್ಟೆ. ನೀರು ಸುರಿಯಿತು, ಸ್ವಲ್ಪ ಹೊತ್ತಿಗೆ ನಿಂತಿತು. ಮೊದಲು ಅಮ್ಮನನ್ನು ನೋಡಿ ನಕ್ಕರು. ಬೀದಿ ನೋಡಿದರು. ಆಮೇಲೆ ಪೆಟ್ಟಿಗೆ ಎತ್ತಿ ತೊಡೆಯ ಮೇಲಿಟ್ಟುಕೊಂಡರು. ನಾನು ಪಕ್ಕದಲ್ಲಿ ಬೆಂಡು ಹಿಡಿದು ಕೂತೆ, ಕೈ ಓಡಲಿಲ್ಲ. ಮಾವ ತಮ್ಮ ಜಾಗದಲ್ಲಿ ತಲೆ ಬಗ್ಗಿಸಿ ಉಳಿ ಮಸೆಯುತ್ತಿದ್ದರು, ಮಸೆದದ್ದನ್ನೇ ಮಸೆಯುತ್ತಿದ್ದರು.

ಕೆತ್ತುವವರಿಗೆ ಇನ್ನೊಬ್ಬರ ಉಳಿಯ ಗೆರೆ ಕೈಬರಹದ ಹಾಗೆ ಗುರುತು ಸಿಗುತ್ತದೆ. ಇವರು ಬಳ್ಳಿಯ ಬುಡದಿಂದ ನೋಡುತ್ತ ಹೋದರು. ಒಂದು ಪಕ್ಕ ನೋಡಿದರು, ತಿರುಗಿಸಿದರು, ಇನ್ನೊಂದು ಪಕ್ಕ ನೋಡಿದರು. ನಗು ಹೋಯಿತು. ನಾಲ್ಕೂ ಪಕ್ಕ ಮುಗಿಯುವ ಹೊತ್ತಿಗೆ ತುಟಿ ಬಿಳಿಚಿಕೊಂಡಿತ್ತು. ಮುಚ್ಚಳಕ್ಕೆ ಬಂದರು. ಹಕ್ಕಿಯ ರೆಕ್ಕೆಯ ಹತ್ತಿರ ಬೆರಳು ನಿಂತಿತು. ಅಲ್ಲೇ ತುಂಬಾ ಹೊತ್ತು ಇತ್ತು.

"ಅಪ್ಪಯ್ಯ, ಎಲ್ಲಾ ನೀವು ತಿದ್ದಿದೀರಿ."

ಮಾವ "ಹೂಂ" ಅಂದರು.

"ಇದೊಂದು ಎಲೆ ಮಾತ್ರ ನಾನು ಕೆತ್ತಿದ ಹಂಗೇ ಇದೆ. ಇದನ್ನ್ಯಾಕೆ ಬಿಟ್ರಿ?"

ಮಸೆಯುವ ಸದ್ದು ನಿಂತಿತು. ಮಾವ ಕೈಚಾಚಿ ಪೆಟ್ಟಿಗೆ ತೆಗೆದುಕೊಂಡು, ಬೆಳಕಿಗೆ ಹಿಡಿದು ಆ ಎಲೆಯನ್ನು ನೋಡಿದರು.

"ಮುಟ್ಟೋಕೆ ಧೈರ್ಯ ಬರ್ಲಿಲ್ಲ. ಅಷ್ಟು ಚೆಂದ ನಂಗೆ ಬರಲ್ಲ."

ಪೆಟ್ಟಿಗೆಯನ್ನು ಇವರ ತೊಡೆಯ ಮೇಲೆ ವಾಪಸಿಟ್ಟರು. ಒಳಗೆ ಹೋಗಿ, ಬಟ್ಟೆ ಸುತ್ತಿಟ್ಟಿದ್ದ ಹೊಸ ಗಂಧದ ತುಂಡೊಂದನ್ನು ತಂದು ಇವರ ಮುಂದಿಟ್ಟರು.

"ಮುಚ್ಚಳ ಇನ್ನೊಂದು ಮಾಡು. ಅದು ಪೂರ್ತಿ ಆ ಎಲೆ ಹಂಗೇ ಬರ್ಲಿ" ಅಂದರು.